ರಕ್ತದ ತೇಪೆ ಹಾಕಿಸಿಕೊಂಡು ಮನೆಗೆ ಹೋದ ಮೇಲೆ

ಸಿಜೇರಿಯನ್ ಆಗಿ ಎರಡನೆಯ ದಿನವೋ ಮೂರನೆಯ ದಿನವೋ ಕಾಣಿಸಿಕೊಳ್ಳುವ ಒಂದು ತಲೆನೋವಿದೆ. ಮಲಗಿದ್ದಾಗ ಬಾಣಂತಿಗೆ ಏನೂ ಇರುವುದಿಲ್ಲ. ಕೂಸಿಗೆ ಹಾಲು ಕುಡಿಸಲು ಎದ್ದು ಕೂತರೆ ಹತ್ತು ಹದಿನೈದು ನಿಮಿಷದೊಳಗೆ ಹಿಂದಲೆಯಲ್ಲಿ ನೋವು ಹತ್ತಿಕೊಂಡು ಹಣೆಯವರೆಗೆ ಬರುತ್ತದೆ. ಕತ್ತು ಬಿಗಿಯುತ್ತದೆ, ಕಿವಿ ಗುಂಯ್‌ಗುಡುತ್ತದೆ, ಕೆಲವರಿಗೆ ವಾಂತಿಯೂ ಆಗುತ್ತದೆ. ಅಡ್ಡಾದರೆ ಎಲ್ಲವೂ ಇಳಿದುಹೋಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹೆಣ್ಣುಮಕ್ಕಳ ಮಾತಿನಲ್ಲಿ ಹೇಳುವುದಾದರೆ, ‘ಎದ್ದು ಕುಂತ್ರ ತೆಲಿ ಒಡದ್ಹೋದಂಗ ಆಗ್ತದ, ಮಕ್ಕೊಂಡ್ರ ಏನೂ ಇಲ್ಲ ನೋಡ್ರಿ.’ ಅನುಭವಿ ಅರಿವಳಿಕೆ ವೈದ್ಯರಿಗೆ ಈ ಒಂದು ಮಾತು ಸಾಕು, ಅರ್ಧ ರೋಗ ಗೊತ್ತಾದಂತೆಯೇ. ಮನೆಯಲ್ಲಿ ಮಾತ್ರ ಕಿವಿಯೊಳಗೆ ಗಾಳಿ ಹೊಕ್ಕಿದೆ ಎಂದು ತಲೆಗೆ ಇನ್ನೊಂದು ಸುತ್ತು ಬಟ್ಟೆ ಬಿಗಿಯುತ್ತಾರೆ, ನೆದರಾಗಿದೆ ಎಂದು ನಿವಾಳಿಸುತ್ತಾರೆ. ‘ಬೆನ್ನಿಗೆ ಸೂಜಿ ಹಾಕ್ಯಾರಲ್ಲ, ಅದಕ್ಕ’ ಎನ್ನುವ ಅಜ್ಜಿಯೂ ಒಬ್ಬಳಿರುತ್ತಾಳೆ. ಆ ಅಜ್ಜಿಯ ಮಾತೇ ಸರಿ.

ಮಿದುಳು ಮತ್ತು ಬೆನ್ನುಹುರಿ ಎರಡೂ ಒಂದು ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತವೆ. ವಯಸ್ಕರಲ್ಲಿ ಈ ದ್ರವ ಒಟ್ಟು ಸುಮಾರು 150 ಮಿಲಿಲೀಟರ್. ದೇಹ ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ತಯಾರಿಸುತ್ತದೆ, ಅಷ್ಟನ್ನೇ ಹೀರಿಕೊಳ್ಳುತ್ತದೆ. ದ್ರವವನ್ನು ಹಿಡಿದಿಟ್ಟಿರುವುದು ಡ್ಯೂರಾ ಎಂಬ ಗಟ್ಟಿ ಪೊರೆ. ಸೊಂಟದ ಕೆಳಗಿನ ಭಾಗವನ್ನು ಮರಗಟ್ಟಿಸಲು ಬೆನ್ನಿಗೆ ಕೊಡುವ ಸೂಜಿ ಈ ಪೊರೆಯನ್ನು ದಾಟಿಯೇ ಒಳಗೆ ಹೋಗಬೇಕು. ಸೂಜಿ ಹೊರಬಂದ ಮೇಲೆ ರಂಧ್ರ ತಾನಾಗಿ ಮುಚ್ಚಿಕೊಳ್ಳುವುದು ವಾಡಿಕೆ. ಮುಚ್ಚದೆ ಉಳಿದರೆ ದ್ರವ ಹೊರಗೆ ಜಿನುಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಎದ್ದು ಕೂತಾಗ ಆಸರೆ ಕಡಿಮೆಯಾದ ಮಿದುಳು ತುಸು ಕೆಳಗೆ ಜಗ್ಗಿ, ಅದರ ಹೊದಿಕೆಗಳು ಎಳೆದಂತಾಗುತ್ತವೆ, ರಕ್ತನಾಳಗಳು ಹಿಗ್ಗುತ್ತವೆ. ನೋವು ಬರುವುದು ಅಲ್ಲಿಂದ.

ಬೆನ್ನಿನ ಅರಿವಳಿಕೆ ಎಷ್ಟು ಹಳೆಯದೋ ಈ ತಲೆನೋವೂ ಅಷ್ಟೇ ಹಳೆಯದು. 1898ರ ಆಗಸ್ಟ್‌ನಲ್ಲಿ ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಮೊದಲ ಬಾರಿಗೆ ರೋಗಿಯೊಬ್ಬರ ಬೆನ್ನಿನೊಳಗೆ ಕೊಕೇನ್ ಕೊಟ್ಟು ಶಸ್ತ್ರಕ್ರಿಯೆ ಮಾಡಿದರು. ರೋಗಿಗಳು ಆಮೇಲೆ ತಲೆನೋವು, ವಾಂತಿ ಎಂದದ್ದು ಯಾಕೆಂದು ತಿಳಿಯಲು ಅವರು ತಮ್ಮ ಮೇಲೆಯೇ ಪ್ರಯೋಗಕ್ಕೆ ನಿಂತರು. ಸಹಾಯಕ ಹಿಲ್ಡೆಬ್ರಾಂಟ್ ಸೂಜಿ ಹಾಕಿದಾಗ ಸಿರಿಂಜ್ ಸೂಜಿಗೆ ಸರಿಯಾಗಿ ಕೂರದೆ ದ್ರವ ಸಾಕಷ್ಟು ಸೋರಿಹೋಯಿತು. ಮುಂದೆ ಒಂಬತ್ತು ದಿನ ಬಿಯರ್ ಎದ್ದರೆ ತಲೆನೋವು, ಮಲಗಿದರೆ ಆರಾಮ. ಸೋರಿಕೆಯೇ ಕಾರಣ ಎಂದು ಅವರು ಅಂದೇ ಊಹಿಸಿದ್ದರು.

ಅಂದಿನಿಂದ ಇಂದಿನವರೆಗೆ ಸೂಜಿ ಬಹಳ ಸುಧಾರಿಸಿದೆ. ಹಳೆಯ ಮಾದರಿಯ ಸೂಜಿಯ ತುದಿ ಪೊರೆಯನ್ನು ಕೊಯ್ದು ಒಳಗೆ ಹೋಗುತ್ತದೆ. ಪೆನ್ಸಿಲ್ ಮೊನೆಯಂಥ ಹೊಸ ಸೂಜಿ ಎಳೆಗಳನ್ನು ಕೊಯ್ಯದೆ ಸರಿಸಿಕೊಂಡು ಹೋಗುತ್ತದೆ, ಹೊರಬಂದಾಗ ಎಳೆಗಳು ಮತ್ತೆ ಕೂಡಿಕೊಳ್ಳುತ್ತವೆ. ಬೆನ್ನಿನ ಸೂಜಿಯ 110 ಪರೀಕ್ಷಣಗಳನ್ನು ಒಟ್ಟುಗೂಡಿಸಿ 2018ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಕೊಯ್ಯುವ ಸೂಜಿಯಿಂದ ಶೇ 11ರಷ್ಟು ಮಂದಿಗೆ ತಲೆನೋವು ಬಂದಿದ್ದರೆ, ಪೆನ್ಸಿಲ್ ಮೊನೆಯಿಂದ ಬಂದದ್ದು ಶೇ 4.2ರಷ್ಟು ಮಂದಿಗೆ. ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ ಮೂವತ್ತೊಂದಕ್ಕಿಂತ ಹೆಚ್ಚು ಸಿಜೇರಿಯನ್ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅವುಗಳಲ್ಲಿ ಬಹುಪಾಲು ನಡೆಯುವುದು ಬೆನ್ನಿನ ಅರಿವಳಿಕೆಯಲ್ಲೇ. ಹಾಗಾಗಿ ಸೂಜಿಯ ತುದಿ ಯಾವ ಆಕಾರದ್ದು ಎನ್ನುವುದು ಸಣ್ಣ ಸಂಗತಿಯಲ್ಲ. ತಾಲೂಕು ಆಸ್ಪತ್ರೆಗಳ ಔಷಧ ಬೇಡಿಕೆ ಪಟ್ಟಿಯಲ್ಲಿ ಪೆನ್ಸಿಲ್ ಮೊನೆಯ ತೆಳ್ಳನೆಯ ಸೂಜಿಗಳು ಕಡ್ಡಾಯವಾಗಿ ಇರಬೇಕು. ಬೆಲೆ ತುಸು ಹೆಚ್ಚಾದರೂ ಸರಿ. ಮುಂದೆ ನಾನು ಬರೆಯಲಿರುವ ತೊಡಕುಗಳಲ್ಲಿ ಹೆಚ್ಚಿನವು ಆ ಒಂದು ರಂಧ್ರದಿಂದ ಶುರುವಾಗುವಂಥವು.

ಈ ತಲೆನೋವು ಬಂದವರಲ್ಲಿ ಹೆಚ್ಚಿನವರಿಗೆ ಒಂದೆರಡು ವಾರದೊಳಗೆ ತಾನಾಗಿ ವಾಸಿಯಾಗುತ್ತದೆ. ಪ್ಯಾರಾಸಿಟಮಾಲ್‌ನಂಥ ನೋವಿನ ಮಾತ್ರೆ, ಸಾಕಷ್ಟು ನೀರು, ಮಿತಿಯಲ್ಲಿ ಕಾಫಿ ಅಥವಾ ಚಾ ಸಹಾಯ ಮಾಡುತ್ತವೆ. ಹಾಲುಣಿಸುವ ತಾಯಿಗೆ ದಿನಕ್ಕೆ 200ರಿಂದ 300 ಮಿಲಿಗ್ರಾಂ ಕೆಫೀನ್ ಮಿತಿ. ನಮ್ಮ ಮನೆಗಳ ಚಾ ಮೂರು ಕಪ್ಪಾದರೂ ಆ ಮಿತಿ ದಾಟುವುದಿಲ್ಲ. ದಿನವಿಡೀ ಅಲುಗಾಡದೆ ಮಲಗಿಸುವುದರಿಂದ ರಂಧ್ರ ಬೇಗ ಮುಚ್ಚುವುದಿಲ್ಲ, ಮಲಗಿದಷ್ಟು ಹೊತ್ತು ನೋವು ಇರುವುದಿಲ್ಲ ಅಷ್ಟೇ. ಇಲ್ಲಿ ನಮ್ಮ ಭಾಗದ ಒಂದು ಬಾಣಂತನದ ಪದ್ಧತಿಯ ಬಗ್ಗೆ ಹೇಳಲೇಬೇಕು. ಅಳ್ವಿ ಪಾಯಸ, ಅಂಟಿನುಂಡಿ, ಬಿಸಿನೀರಿನ ಎರೆತ ಯಾವುದಕ್ಕೂ ನನ್ನ ತಕರಾರಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿಗೆ ಮಾತ್ರ ಇದೆ. ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಎಂದು ಅಳೆದು ಅಳೆದು ನೀರು ಕೊಡುವ ಮನೆಗಳು ಇನ್ನೂ ಇವೆ. ಎದ್ದರೆ ತಲೆ ಒಡೆಯುವ ನೋವಿನಲ್ಲಿರುವ, ಎರಡು ತಾಸಿಗೊಮ್ಮೆ ಹಾಲು ಕುಡಿಸುವ ಹೆಣ್ಣಿಗೆ ನೀರು ಬಿಗಿ ಹಿಡಿಯುವುದು ಅಪಾಯ. ಆ ಅಪಾಯ ತಲೆನೋವು ಹೆಚ್ಚುವುದಕ್ಕಷ್ಟೇ ನಿಲ್ಲುವುದಿಲ್ಲ. ಯಾಕೆಂಬುದನ್ನು ಮುಂದೆ ಹೇಳುತ್ತೇನೆ.

ಮಾತ್ರೆಗೂ ಬಗ್ಗದ, ಕೂಸನ್ನು ಎತ್ತಿಕೊಳ್ಳಲೂ ಬಿಡದ ನೋವಿಗೆ ಇರುವ ಚಿಕಿತ್ಸೆಯೇ ಬ್ಲಡ್ ಪ್ಯಾಚ್. ಕೌದಿ ಹರಿದ ಕಡೆ ಅದೇ ಮನೆಯ ಹಳೆ ಸೀರೆಯ ತುಂಡನ್ನು ತ್ಯಾಪಿ ಹಚ್ಚುವಂತೆ, ರೋಗಿಯದೇ ರಕ್ತವನ್ನು ತೆಗೆದು ಪೊರೆಯ ರಂಧ್ರದ ಹೊರಮೈಗೆ ಹಾಕುವುದು. ಬೆನ್ನಿನ ಸೂಜಿ ಹಾಕುವಾಗ ರಕ್ತ ಜಿನುಗಿದವರಲ್ಲಿ ತಲೆನೋವು ಕಡಿಮೆ ಎಂಬುದನ್ನು ಗಮನಿಸಿದ ಅಮೆರಿಕದ ಜೇಮ್ಸ್ ಗೋರ್ಮ್ಲಿ 1960ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಅವರು ಹಾಕಿದ್ದು ಎರಡು ಮೂರು ಮಿಲಿಲೀಟರ್ ರಕ್ತ. 1970ರಲ್ಲಿ ಡಿ ಜಿಯೊವಾನಿ ಮತ್ತು ಡನ್‌ಬಾರ್ ಹತ್ತು ಮಿಲಿಲೀಟರ್ ಬಳಸಿ ಒಳ್ಳೆಯ ಫಲ ಕಂಡರು. ಈಗ ವಾಡಿಕೆಯಲ್ಲಿರುವುದು ಸುಮಾರು ಇಪ್ಪತ್ತು.

ಕೆಲಸ ನಡೆಯುವ ರೀತಿ ತಿಳಿದರೆ ತೊಡಕುಗಳೂ ಅರ್ಥವಾಗುತ್ತವೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಬೆನ್ನಿನಲ್ಲಿ, ಪೊರೆಯ ಹೊರಗೆ ಕೆಲವೇ ಮಿಲಿಮೀಟರ್ ಅಗಲವಿರುವ ಎಪಿಡ್ಯೂರಲ್ ಎಂಬ ಜಾಗಕ್ಕೆ ಸೂಜಿ ತಲುಪಿಸಬೇಕು. ಕಣ್ಣಿಗೆ ಕಾಣದ ಆ ಜಾಗ ಕೈಗೆ ತಿಳಿಯುವುದು ಸಿರಿಂಜಿನ ಒತ್ತಡ ಥಟ್ಟನೆ ಸಡಿಲವಾದಾಗ. ಅದೇ ಹೊತ್ತಿಗೆ ಇನ್ನೊಬ್ಬರು ತೋಳಿನಿಂದ ರಕ್ತ ತೆಗೆಯಬೇಕು. ಹಿಂದಿನ ದಿನದಿಂದ ಕೈಯಲ್ಲೇ ಇರುವ ಸಲೈನ್ ಸೂಜಿಯಿಂದ ತೆಗೆಯುವಂತಿಲ್ಲ. ಹೊಸ ರಕ್ತನಾಳದಿಂದಲೇ, ಶಸ್ತ್ರಕ್ರಿಯೆಗೆ ಮಾಡುವಷ್ಟೇ ಶುಚಿಯಿಂದ, ಕೈಗವಸು, ಮಾಸ್ಕ್ ಹಾಕಿ, ಚರ್ಮವನ್ನು ಚೆನ್ನಾಗಿ ಒರೆಸಿ ತೆಗೆಯಬೇಕು. ರಕ್ತವನ್ನು ನಿಧಾನಕ್ಕೆ ಬಿಡುತ್ತಾ ಹೋಗಿ, ಬೆನ್ನಲ್ಲಿ ಒತ್ತಿದಂತಾಯಿತು, ನೋವಾಯಿತು ಎಂದು ರೋಗಿ ಹೇಳಿದರೆ ಅಲ್ಲಿಗೇ ನಿಲ್ಲಿಸಬೇಕು. ರೋಗಿ ಮಾತಾಡುತ್ತಿರುವುದು ಇಲ್ಲಿ ಬಹಳ ಮುಖ್ಯ. ಆಕೆಯ ‘ಸಾಕ್ರಿ’ ಎಂಬ ಮಾತೇ ಅಳತೆ. ಆಮೇಲೆ ಒಂದೆರಡು ತಾಸು ಅಂಗಾತ ಮಲಗಿಸುತ್ತಾರೆ.

ಅನೇಕರಿಗೆ ಆ ಮಂಚದ ಮೇಲೆಯೇ ತಲೆನೋವು ಇಳಿಯುತ್ತದೆ. ಹಾಕಿದ ರಕ್ತ ಪೊರೆಯ ಚೀಲವನ್ನು ಹೊರಗಿನಿಂದ ಒತ್ತಿ, ಒಳಗಿನ ದ್ರವವನ್ನು ತಲೆಯ ಕಡೆಗೆ ಏರಿಸುವುದರಿಂದ ಆಗುವ ಉಪಶಮನ ಅದು. 1993ರಲ್ಲಿ ಬ್ರಿಟನ್ನಿನ ವೈದ್ಯರು ಪ್ಯಾಚ್ ಹಾಕಿದವರನ್ನು ಎಂಆರ್‌ಐಯಲ್ಲಿ ನೋಡಿದಾಗ ರಕ್ತ ಬೆನ್ನಿನ ಹಲವು ಮೂಳೆಗಳಷ್ಟು ಉದ್ದಕ್ಕೆ, ಬಹುಪಾಲು ಮೇಲ್ಮುಖವಾಗಿ ಹರಡಿದ್ದು ಕಂಡಿತು. ಕೆಲವು ತಾಸಿನಲ್ಲಿ ಆ ಒತ್ತಡ ಕರಗಿ, ಹೆಪ್ಪು ಮಾತ್ರ ರಂಧ್ರದ ಮೇಲೆ ಅಂಟಿ ಉಳಿಯುತ್ತದೆ. ಮೊದಲ ವರದಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ವಾಸಿ ಎಂದಿತ್ತು. ನಂತರದ, ಹೆಚ್ಚು ಕಟ್ಟುನಿಟ್ಟಿನ ಅಧ್ಯಯನಗಳಲ್ಲಿ ಒಂದೇ ಸಲಕ್ಕೆ ಪೂರ್ತಿ ವಾಸಿಯಾದವರು ಶೇ 60ರಿಂದ 75ರಷ್ಟು. ಕೆಲವರಿಗೆ ಎರಡನೆಯ ಸಲ ಬೇಕಾಗುತ್ತದೆ. ಇದು ಒಳ್ಳೆಯ ಚಿಕಿತ್ಸೆ. ಹಾಗೆಂದೇ ಇದರ ತೊಡಕುಗಳನ್ನು ಮುಚ್ಚಿಡಬಾರದು. ಮೊದಲೇ ತಿಳಿಸಿದ ತೊಡಕು ಬಂದಾಗ ಮನೆಯವರು ಬೇಗ ಹೊರಡುತ್ತಾರೆ, ತಿಳಿಸದಿದ್ದರೆ ಬೆಳಗಾಗಲಿ ಎಂದು ಕಾಯುತ್ತಾರೆ.

ಸಾಮಾನ್ಯವಾದದ್ದು ಬೆನ್ನುನೋವು. ಪ್ಯಾಚ್ ಹಾಕಿಸಿಕೊಂಡವರಲ್ಲಿ ಬಹಳ ಮಂದಿಗೆ ಕೆಲವು ದಿನ ಸೊಂಟ ಹಿಡಿದಂತಿರುತ್ತದೆ. ರಕ್ತ ನರದ ಬುಡವನ್ನು ಒತ್ತಿದರೆ ಕಾಲಿಗೆ ಸೆಳೆತವೂ ಬರಬಹುದು. ಇದು ದಿನೇ ದಿನೇ ಕಡಿಮೆಯಾಗುತ್ತದೆ. ‘ಬೆನ್ನಿಗೆ ಸೂಜಿ ಹಾಕಿಸಿಕೊಂಡ್ರ ಜೀವನಪೂರ್ತಿ ನಡಾ ನೋವು’ ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಯಾವ ನೋವು ಸಹಜ, ಯಾವುದು ಅಲ್ಲ ಎಂಬ ವ್ಯತ್ಯಾಸವೇ ಅಳಿಸಿಹೋಗಿದೆ. ದಿನಕ್ಕಿಷ್ಟು ಇಳಿಯುವ ನೋವಿಗೆ ಹೆದರಬೇಕಿಲ್ಲ. ದಿನಕ್ಕಿಷ್ಟು ಏರುವ ನೋವನ್ನು ಒಂದು ದಿನವೂ ಸಹಿಸಿಕೊಂಡು ಕೂರಬಾರದು.

ಸೂಜಿ ಹಾಕುವಾಗಲೇ ಆಗಬಹುದಾದ ಒಂದು ತೊಡಕೆಂದರೆ ಪೊರೆಯನ್ನು ಇನ್ನೊಮ್ಮೆ ಚುಚ್ಚಿಬಿಡುವುದು. ಎಪಿಡ್ಯೂರಲ್ ಸೂಜಿ ಮಾಮೂಲಿ ಬೆನ್ನಿನ ಸೂಜಿಗಿಂತ ಬಹಳ ದಪ್ಪ. ಅದು ಪೊರೆ ದಾಟಿದರೆ ಅರ್ಧಕ್ಕೂ ಹೆಚ್ಚು ಮಂದಿಗೆ ಹೊಸದಾಗಿ ಅದೇ ತಲೆನೋವು ಬರುತ್ತದೆ. ಗಮನಕ್ಕೆ ಬಾರದೆ ರಕ್ತ ಪೊರೆಯ ಒಳಗೆ ಹೋದರೆ ನರಗಳ ಬುಡಕ್ಕೆ ಉರಿ ಹತ್ತಿ, ಬೆನ್ನು ಕಾಲುಗಳಲ್ಲಿ ತೀವ್ರ ನೋವು ಶುರುವಾಗಬಹುದು. ತೀರ ಅಪರೂಪಕ್ಕೆ ನರಗಳು ಒಂದಕ್ಕೊಂದು ಅಂಟಿಕೊಳ್ಳುವ ಅರಾಕ್ನಾಯ್ಡೈಟಿಸ್ ಎಂಬ ದೀರ್ಘಕಾಲದ ತೊಂದರೆಯಾಗಿ ಅದು ಉಳಿಯುತ್ತದೆ. ಪ್ಯಾಚ್ ಹಾಕುವಾಗ ನಾಡಿ ನಿಧಾನವಾಗಿ ಕಣ್ಣು ಕತ್ತಲೆ ಬರುವುದೂ ಉಂಟು. ಆದ್ದರಿಂದ ಇದು ಮಂಚದ ಪಕ್ಕ ಅವಸರದಲ್ಲಿ ಮುಗಿಸುವ ಕೆಲಸವಲ್ಲ, ನಾಡಿ ಮತ್ತು ಬಿಪಿ ನೋಡುತ್ತ ಆಪರೇಷನ್ ಥಿಯೇಟರಿನಲ್ಲಿ ಮಾಡುವ ಕೆಲಸ. ಹೆರಿಗೆ ಶಸ್ತ್ರಕ್ರಿಯೆಗೆ ಅರಿವಳಿಕೆ ಕೊಡಲು ಎಂಬಿಬಿಎಸ್ ವೈದ್ಯರಿಗೆ ಅಲ್ಪಾವಧಿ ತರಬೇತಿ ಕೊಡುವ ಸರ್ಕಾರಿ ಯೋಜನೆ ಗ್ರಾಮೀಣ ಭಾಗದಲ್ಲಿ ಎಷ್ಟೋ ಜೀವ ಉಳಿಸುವಂಥದ್ದು. ಆದರೆ ಎಪಿಡ್ಯೂರಲ್ ಜಾಗ ಹುಡುಕುವುದು ಬೇರೆಯೇ ಪಳಗಿದ ಕೈ ಬೇಡುತ್ತದೆ. ಆ ಕೈ ಇಲ್ಲದ ಕಡೆ ರೋಗಿಯನ್ನು ಮುಂದಕ್ಕೆ ಕಳಿಸುವ ವೈದ್ಯರನ್ನು ‘ತಮಗ ಬರಂಗಿಲ್ಲಂತ ಕಳಿಸ್ಯಾರ’ ಎಂದು ದೂರುವುದು ಅನ್ಯಾಯ. ಅವರು ಸರಿಯಾದದ್ದನ್ನೇ ಮಾಡಿದ್ದಾರೆ.

ಸೋಂಕು ಅಪರೂಪ. ಆದರೆ ಬಂದರೆ ಕಠಿಣ. ಬೆನ್ನೊಳಗೆ ಬಿಟ್ಟ ರಕ್ತ ರೋಗಾಣುಗಳಿಗೆ ಒಳ್ಳೆಯ ಆಹಾರ. ಚರ್ಮದ ಮೇಲಿನ ರೋಗಾಣು ಜೊತೆಗೆ ಹೋದರೆ ಕೆಲವು ದಿನಗಳಲ್ಲಿ, ಕೆಲವೊಮ್ಮೆ ಎರಡು ವಾರದ ಹೊತ್ತಿಗೆ, ಅಲ್ಲಿ ಕೀವು ಕಟ್ಟುತ್ತದೆ, ಇಲ್ಲವೇ ಮಿದುಳಿನ ಪೊರೆಗೆ ಸೋಂಕು ಹತ್ತುತ್ತದೆ. ಜ್ವರ, ಏರುವ ಬೆನ್ನುನೋವು, ಸೆಟೆದ ಕತ್ತು ಇದರ ಗುರುತು. ಜ್ವರವಿರುವ ಬಾಣಂತಿಗೆ, ಬೆನ್ನಿನ ಚರ್ಮದಲ್ಲಿ ಗುಳ್ಳೆ ಗಾಯವಿರುವವರಿಗೆ ಪ್ಯಾಚ್ ಹಾಕಬಾರದು ಎಂಬ ನಿಯಮ ಇರುವುದು ಇದಕ್ಕೇ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಹಾಕಿದ ರಕ್ತವೋ, ಸೂಜಿ ತಾಗಿ ಒಡೆದ ರಕ್ತನಾಳದಿಂದ ಸುರಿದ ರಕ್ತವೋ ಬೆನ್ನೊಳಗಿನ ಇಕ್ಕಟ್ಟಿನಲ್ಲಿ ಗಡ್ಡೆಯಾಗಿ ನಿಂತರೆ ನರಗಳ ಗೊಂಚಲು ಅದುಮಿಹೋಗುತ್ತದೆ. ರಕ್ತ ತೆಳುವಾಗಿಸುವ ಚುಚ್ಚುಮದ್ದು ಪಡೆಯುತ್ತಿರುವವರಲ್ಲಿ, ಗರ್ಭಿಣಿಯ ಬಿಪಿಯಿಂದಲೋ ಡೆಂಗಿಯಿಂದಲೋ ಪ್ಲೇಟ್‌ಲೆಟ್ ಕುಸಿದವರಲ್ಲಿ ಈ ಅಪಾಯ ಹೆಚ್ಚು. ಹೆಪಾರಿನ್ ಜಾತಿಯ ಚುಚ್ಚುಮದ್ದನ್ನು ತಡೆಗಟ್ಟುವ ಪ್ರಮಾಣದಲ್ಲಿ ಕೊಟ್ಟಿದ್ದರೆ ಕನಿಷ್ಠ 12 ತಾಸು, ಚಿಕಿತ್ಸೆಯ ಪ್ರಮಾಣದಲ್ಲಿ ಕೊಟ್ಟಿದ್ದರೆ 24 ತಾಸು ಕಳೆಯದೆ ಬೆನ್ನಿಗೆ ಸೂಜಿ ಹಾಕುವಂತಿಲ್ಲ. ಗಡ್ಡೆ ಆಗಿದೆ ಎನ್ನುವುದಕ್ಕೆ ಗುರುತುಗಳಿವೆ. ಎರಡೂ ಕಾಲು ಸೋಲುತ್ತವೆ, ಕೂರುವ ಜಾಗ ಮರಗಟ್ಟುತ್ತದೆ, ಮೂತ್ರ ಕಟ್ಟುತ್ತದೆ ಅಥವಾ ತಿಳಿಯದೆ ಹೋಗುತ್ತದೆ. ಶಸ್ತ್ರಕ್ರಿಯೆ ಮಾಡಿ ಗಡ್ಡೆ ತೆಗೆದರೆ ಕಾಲು ಮರಳುವ ಸಾಧ್ಯತೆ ಇದೆ. ಆದರೆ ಲಕ್ಷಣ ಶುರುವಾಗಿ ಎಂಟರಿಂದ ಹನ್ನೆರಡು ತಾಸಿನೊಳಗೆ ಆದರೆ ಮಾತ್ರ ಫಲ ಚೆನ್ನಾಗಿರುತ್ತದೆ ಎಂಬುದು ವೈದ್ಯಲೋಕದ ಅನುಭವ.

ಈ ಎಂಟು ತಾಸನ್ನು ನಮ್ಮ ನಕ್ಷೆಯ ಮೇಲೆ ಇಟ್ಟು ನೋಡಬೇಕು. ವಿಜಯಪುರದಿಂದ ಬಸವನ ಬಾಗೇವಾಡಿ ಸುಮಾರು 43 ಕಿಲೋಮೀಟರ್, ಇಂಡಿ 55, ಸಿಂದಗಿ 60, ಮುದ್ದೇಬಿಹಾಳ 80ರ ಆಸುಪಾಸು. ಇದು ತಾಲೂಕು ಕೇಂದ್ರದಿಂದ ಎಣಿಸಿದ ದೂರ. ತವರುಮನೆ ಇರುವುದು ಅದರಾಚೆಯ ಹಳ್ಳಿಯಲ್ಲಿ. ಬೆನ್ನಿನ ಎಂಆರ್‌ಐ ಮತ್ತು ನರಶಸ್ತ್ರಚಿಕಿತ್ಸಕರು ಸಿಗುವುದು ದೊಡ್ಡ ಊರಿನಲ್ಲಿ. ರಾತ್ರಿ ಹತ್ತಕ್ಕೆ ಬಾಣಂತಿ ‘ಕಾಲು ಜೋಮು ಹಿಡದಂಗ ಆಗ್ಯಾವ’ ಎಂದರೆ, ಮಲಗಿ ಮಲಗಿ ಹಾಗಾಗಿದೆ ಎಂದು ಎಣ್ಣೆ ತಿಕ್ಕಿ ಬೆಳಗಿನವರೆಗೆ ಕಾದರೆ ಎಂಟು ತಾಸು ಅಲ್ಲಿಗೇ ಮುಗಿಯಿತು. ರಸ್ತೆ ಎಷ್ಟು ಒಳ್ಳೆಯದಾದರೂ, ಆಂಬ್ಯುಲೆನ್ಸ್ ಎಷ್ಟು ಬೇಗ ಬಂದರೂ, ಹೊರಡುವ ನಿರ್ಧಾರ ಆಗಬೇಕಾದದ್ದು ಆ ಮನೆಯ ಪಡಸಾಲೆಯಲ್ಲಿ. ಅಲ್ಲಿದ್ದವರಿಗೆ ಇದು ಕಾಯುವ ಜೋಮಲ್ಲ ಎಂದು ಯಾರಾದರೂ ಮೊದಲೇ ಹೇಳಿರಬೇಕು.

ಇನ್ನೊಂದು ತೊಡಕು ಮನೆಯವರನ್ನಷ್ಟೇ ಅಲ್ಲ, ವೈದ್ಯರನ್ನೂ ದಾರಿ ತಪ್ಪಿಸಬಲ್ಲದು. ಪ್ಯಾಚ್ ಹಾಕಿದ ಕೆಲವು ತಾಸಿಗೋ ದಿನಕ್ಕೋ ಮತ್ತೆ ತಲೆನೋವು ಬರುತ್ತದೆ. ಪ್ಯಾಚ್ ಹಿಡಿಯಲಿಲ್ಲ ಎಂದುಕೊಳ್ಳುವುದು ಸಹಜ. ಆದರೆ ಕೇಳಬೇಕಾದ ಪ್ರಶ್ನೆ, ಈಗ ನೋವು ಎದ್ದರೆ ಹೆಚ್ಚೋ, ಮಲಗಿದರೆ ಹೆಚ್ಚೋ ಎಂಬುದು. ನೋವು ಹಿಂದಲೆ ಬಿಟ್ಟು ಹಣೆಗೆ, ಕಣ್ಣಿನ ಹಿಂದಕ್ಕೆ ಬಂದಿದ್ದರೆ, ಮಲಗಿದಾಗ ಜಾಸ್ತಿಯಾಗುತ್ತಿದ್ದರೆ, ಕಣ್ಣು ಮಂಜಾಗುತ್ತಿದ್ದರೆ ಒತ್ತಡ ಇಳಿದಿಲ್ಲ, ಏರಿದೆ. ಸೋರಿಕೆ ನಿಂತ ಮೇಲೆ ಒಳಗಿನ ಒತ್ತಡ ಮಿತಿಮೀರುವ ಈ ಸ್ಥಿತಿಗೆ ತಲೆ ಎತ್ತರಿಸಿ ಮಲಗಿಸುವುದು, ಅಸೆಟಜೋಲಮೈಡ್‌ನಂಥ ಮಾತ್ರೆ ಚಿಕಿತ್ಸೆ. ಇಲ್ಲಿ ಎರಡನೆಯ ಪ್ಯಾಚ್ ಹಾಕಿದರೆ ಬೆಂಕಿಗೆ ಎಣ್ಣೆ ಸುರಿದ ಹಾಗೆ.

ಒತ್ತಡ ಏರುವ ಈ ತೊಡಕು ಹೆಚ್ಚಾಗಿ ಕಾಣುವುದು ಸೂಜಿ ಹಾಕಿಸಿಕೊಳ್ಳದೆಯೂ ತಾನಾಗಿ ಪೊರೆ ಸೋರುವವರಲ್ಲಿ. ಜರ್ಮನಿಯ ಜಾರ್ಜ್ ಶಾಲ್ಟೆನ್‌ಬ್ರಾಂಡ್ 1938ರಲ್ಲೇ ವಿವರಿಸಿದ ರೋಗ ಇದು. ಎಲುಬಿನ ಚೂಪು ಮೂಲೆ ಪೊರೆಯನ್ನು ಹರಿಯಬಹುದು, ನರದ ಬುಡದ ಗುಳ್ಳೆ ಒಡೆಯಬಹುದು. ದ್ರವ ನೇರವಾಗಿ ರಕ್ತನಾಳಕ್ಕೆ ಹರಿಯುವ ಮೂರನೆಯ ಬಗೆಯೊಂದಿದೆ ಎಂದು ಲಾಸ್ ಏಂಜಲೀಸ್‌ನ ವೂಟರ್ ಶೀವಿಂಕ್ ಮತ್ತು ಜೊತೆಗಾರರು ತೋರಿಸಿದ್ದು 2014ರಲ್ಲಿ. ಇವರಿಗೆ ಪ್ಯಾಚ್ ಒಂದೆರಡು ಸಲಕ್ಕೆ ಮುಗಿಯದೆ ಹೋಗಬಹುದು. ಸೋರುವ ಜಾಗ ಪತ್ತೆಹಚ್ಚಿ ಅಲ್ಲಿಗೇ ರಕ್ತವನ್ನೋ ಫೈಬ್ರಿನ್ ಎಂಬ ಅಂಟನ್ನೋ ಹಾಕುತ್ತಾರೆ. ಆ ಅಂಟಿಗೆ ಅಪರೂಪವಾಗಿ ತೀವ್ರ ಅಲರ್ಜಿ ಆಗುವುದುಂಟು. ಕತ್ತು, ಎದೆಯ ಮಟ್ಟದಲ್ಲಿ ಹಾಕುವಾಗ ಸೂಜಿಯ ಪಕ್ಕದಲ್ಲೇ ಬೆನ್ನುಹುರಿ ಇರುವುದರಿಂದ ಅಪಾಯ ಸೊಂಟಕ್ಕಿಂತ ಹೆಚ್ಚು. ಆಮೇಲೆ ನಾಲ್ಕರಿಂದ ಆರು ವಾರ ಬಗ್ಗುವುದು, ಭಾರ ಎತ್ತುವುದು ಬೇಡ ಎಂದು 2023ರ ಬ್ರಿಟನ್ನಿನ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಗೋವಾಕ್ಕೋ ಪುಣೆಗೋ ಗಾರೆ ಕೆಲಸಕ್ಕೆ ಹೋಗುವ, ಕಬ್ಬು ಕಡಿಯುವ ನಮ್ಮ ಜಿಲ್ಲೆಯ ದುಡಿಯುವ ಜನರಿಗೆ ಆರು ವಾರ ಭಾರ ಎತ್ತಬೇಡಿ ಎಂದರೆ ಆರು ವಾರ ಕೂಲಿ ಇಲ್ಲ ಎಂದೇ ಅರ್ಥ. ಚಿಕಿತ್ಸೆಯ ಖರ್ಚನ್ನು ಲೆಕ್ಕ ಹಾಕುವಾಗ ಯಾರೂ ಇದನ್ನು ಸೇರಿಸುವುದಿಲ್ಲ.

ಈಗ ನೀರಿನ ಮಾತಿಗೆ ಬರುತ್ತೇನೆ. ಬಾಣಂತಿಯ ತಲೆನೋವೆಲ್ಲ ಸೂಜಿಯ ತಲೆನೋವಲ್ಲ. ಮಿದುಳಿನಿಂದ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ಹೆರಿಗೆಯ ನಂತರದ ವಾರಗಳಲ್ಲಿ ಬರುವುದನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ನೀರು ಕಡಿಮೆಯಾಗಿ ರಕ್ತ ಗಟ್ಟಿಯಾಗುವುದು, ರಕ್ತಹೀನತೆ ಇದಕ್ಕೆ ಇಂಬು ಕೊಡುತ್ತವೆ. ಮೊದಲು ಬರೀ ತಲೆನೋವು, ಆಮೇಲೆ ಫಿಟ್ಸ್, ಒಂದು ಕಡೆಯ ಕೈಕಾಲು ಬೀಳುವುದು, ಮಂಪರು. ಇಂಥ ತಲೆನೋವನ್ನು ಸೂಜಿಯದೆಂದು ತಿಳಿದು ಪ್ಯಾಚ್ ಹಾಕಿದರೆ ರೋಗ ಹಾಗೇ ಬೆಳೆಯುತ್ತದೆ. ಅಷ್ಟೇ ಅಲ್ಲ, ಈ ಕಾಯಿಲೆಗೆ ತುರ್ತಾಗಿ ಬೇಕಾದದ್ದು ರಕ್ತ ತೆಳುವಾಗಿಸುವ ಮದ್ದು. ಬೆನ್ನಿಗೆ ಹೊಸದಾಗಿ ಸೂಜಿ ಚುಚ್ಚಿದ್ದರೆ ಅದನ್ನು ಕೊಡುವುದೂ ತಡವಾಗುತ್ತದೆ. ಹೆರಿಗೆಯ ನಂತರ ಏರಿದ ಬಿಪಿಯೂ ತಲೆನೋವಾಗಿಯೇ ಕಾಣಿಸಿಕೊಂಡು ಫಿಟ್ಸ್‌ನಲ್ಲಿ ಮುಗಿಯಬಹುದು. ನಿಜವಾದ ಸೂಜಿಯ ತಲೆನೋವೇ ವಾರಗಟ್ಟಲೆ ಉಳಿದರೆ, ಕೆಳಗೆ ಜಗ್ಗಿದ ಮಿದುಳಿನ ಮೇಲಿನ ಸಣ್ಣ ರಕ್ತನಾಳ ಹರಿದು ತಲೆಬುರುಡೆಯೊಳಗೆ ರಕ್ತ ಶೇಖರವಾಗುವುದೂ ಉಂಟು. ಆಗ ಎದ್ದರೆ ಹೆಚ್ಚು, ಮಲಗಿದರೆ ಕಡಿಮೆ ಎಂಬ ಲಕ್ಷಣ ಮಾಯವಾಗಿ, ನೋವು ಸದಾ ಇರುತ್ತದೆ. ಆದ್ದರಿಂದ ಪ್ಯಾಚ್‌ನಿಂದ ಆಗುವ ತೊಡಕುಗಳಲ್ಲಿ ನಾನು ಮೊದಲು ಹೆಸರಿಸುವುದು, ಬೇಡದ ತಲೆನೋವಿಗೆ ಪ್ಯಾಚ್ ಹಾಕುವುದನ್ನೇ. ಬಿಪಿ ನೋಡದೆ, ಜ್ವರ ನೋಡದೆ, ಕಣ್ಣು ಕೈಕಾಲು ಪರೀಕ್ಷಿಸದೆ, ಸಂಶಯವಿದ್ದಲ್ಲಿ ತಲೆಯ ಸ್ಕ್ಯಾನ್ ಮಾಡಿಸದೆ ಈ ಚಿಕಿತ್ಸೆಗೆ ಕೈ ಹಾಕಬಾರದು.

ನಮ್ಮ ನಾಲ್ಕು ತಾಲೂಕುಗಳಿಗೆ ಇನ್ನೊಂದು ವಿಶೇಷವಿದೆ. ಇಂಡಿಯವರು ವಿಜಯಪುರಕ್ಕೆ ಹೋದಷ್ಟೇ ಸಲೀಸಾಗಿ ಸೊಲ್ಲಾಪುರಕ್ಕೆ ಹೋಗುತ್ತಾರೆ. ಸಿಂದಗಿಯವರಿಗೆ ಕಲಬುರಗಿಯ ದಾರಿ ಇದೆ, ಮುದ್ದೇಬಿಹಾಳದವರಿಗೆ ಬಾಗಲಕೋಟೆಯ ದಾರಿ. ಹೆರಿಗೆ ಒಂದು ಊರಿನಲ್ಲಿ, ಪ್ಯಾಚ್ ಇನ್ನೊಂದರಲ್ಲಿ, ತೊಂದರೆಯಾದಾಗ ಓಡುವುದು ಮೂರನೆಯದಕ್ಕೆ, ಕೆಲವೊಮ್ಮೆ ರಾಜ್ಯದ ಗಡಿ ದಾಟಿ. ಆ ಮೂರನೆಯ ಊರಿನ ವೈದ್ಯರ ಮುಂದೆ ಬಾಣಂತಿಯ ಕಡೆಯವರು ಹೇಳುವುದು ‘ಬೆನ್ನಿಗೆ ಎರಡ ಸಲ ಸೂಜಿ ಹಾಕ್ಯಾರ್ರಿ’ ಎಂದಷ್ಟೇ. ಯಾವ ದಿನ, ಬೆನ್ನಿನ ಯಾವ ಮಟ್ಟದಲ್ಲಿ, ಎಷ್ಟು ರಕ್ತ, ಎರಡನೆಯ ಸಲ ಪೊರೆ ಚುಚ್ಚಿತೇ ಇಲ್ಲವೇ, ರಕ್ತ ತೆಳುವಾಗಿಸುವ ಮದ್ದು ಕೊನೆಗೆ ಕೊಟ್ಟದ್ದು ಯಾವಾಗ ಎಂಬುದು ಒಂದು ಚೀಟಿಯಲ್ಲಿದ್ದರೆ ಆ ವೈದ್ಯರ ಅರ್ಧ ತಾಸು ಉಳಿಯುತ್ತದೆ. ಅದನ್ನು ಬಿಡುಗಡೆ ಪತ್ರದಲ್ಲಿ ಬರೆದುಕೊಡುವುದು ಪ್ಯಾಚ್ ಹಾಕಿದವರ ಕರ್ತವ್ಯ. ತಾಯಿ ಕಾರ್ಡಿನೊಳಗೆ ಮಡಚಿ ಇಟ್ಟುಕೊಳ್ಳುವುದು ಮನೆಯವರದು.

ಒಪ್ಪಿಗೆಯ ಬಗ್ಗೆಯೂ ಒಂದು ಮಾತು. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚಿಕಿತ್ಸೆಯ ಸ್ವರೂಪ, ಉಪಯೋಗ, ಅಪಾಯ ಮತ್ತು ಬೇರೆ ದಾರಿಗಳನ್ನು ರೋಗಿಗೆ ತಿಳಿಸಿ ಆಕೆಯದೇ ಒಪ್ಪಿಗೆ ಪಡೆಯಬೇಕೆಂದು ಸ್ಪಷ್ಟಪಡಿಸಿದೆ. ತನ್ನ ನಿರ್ಧಾರ ತಾನೇ ಮಾಡಬಲ್ಲ ವಯಸ್ಕ ಹೆಣ್ಣುಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಲ್ಲದು ಎಂದಿತು ನ್ಯಾಯಾಲಯ. ನಮ್ಮಲ್ಲಿ ಕಾಗದಕ್ಕೆ ಸಹಿ ಮಾಡುವುದು ಗಂಡ, ಮಾತು ಕೇಳಿಸಿಕೊಳ್ಳುವುದು ಅತ್ತೆ. ತಲೆನೋವಿನಲ್ಲಿ ಅಡ್ಡಾದವಳನ್ನು ಯಾರೂ ಕೇಳುವುದಿಲ್ಲ. ಆದರೆ ಕಾಲಿನ ಜೋಮು, ಮೂತ್ರದ ತೊಂದರೆ ಮೊದಲು ಗೊತ್ತಾಗುವುದು ಆಕೆಗೆ ಮಾತ್ರ. ಗಂಡಸರ ಮುಂದೆ ಹೇಳಲು ನಾಚುವ ಲಕ್ಷಣಗಳು ಅವು. ಅವು ಯಾಕೆ ಮುಖ್ಯ ಎಂಬುದನ್ನು ಆಕೆಗೇ, ಆಕೆಯ ಮಾತಿನಲ್ಲೇ, ಹೆಣ್ಣು ಸಿಬ್ಬಂದಿ ಕೂತು ಹೇಳಬೇಕು.

ಇದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. ನವಜಾತ ಶಿಶುವಿನ ಆರೈಕೆಗಾಗಿ ಆಶಾ ಕಾರ್ಯಕರ್ತೆಯರು ಈಗಾಗಲೇ ಮನೆಗೆ ಬರುತ್ತಾರೆ. ಸಿಜೇರಿಯನ್ ಆದವರ ಮನೆಗೆ 7, 14, 21, 28 ಮತ್ತು 42ನೆಯ ದಿನ ಬರಬೇಕೆಂಬುದು ನಿಯಮ. ಕೂಸಿನ ತೂಕ ನೋಡುವ ಆ ಭೇಟಿಯಲ್ಲಿ ತಾಯಿಗೆ ಕೆಲವು ಪ್ರಶ್ನೆ ಕೇಳಲು ಐದು ನಿಮಿಷ ಸಾಕು. ತಲೆ ನೋಯುತ್ತದೆಯೇ, ಎದ್ದರೆ ಹೆಚ್ಚೋ ಮಲಗಿದರೆ ಹೆಚ್ಚೋ, ಬೆನ್ನುನೋವು ನಿನ್ನೆಗಿಂತ ಜಾಸ್ತಿಯೇ, ಜ್ವರ ಬಂದಿದೆಯೇ, ಕಾಲು ಸೋಲುತ್ತಿವೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ, ದಿನಕ್ಕೆ ಎಷ್ಟು ಚರಿಗೆ ನೀರು ಕುಡಿಯುತ್ತೀ. ಆದರೆ ಏಳನೆಯ ದಿನಕ್ಕೆ ಮೊದಲೇ ಮನೆಗೆ ಬಂದವರಿಗೆ ಈ ಭೇಟಿ ತಡವಾಗುತ್ತದೆ. ಪ್ಯಾಚ್ ಹಾಕಿದ ಆಸ್ಪತ್ರೆಯಿಂದ ಮರುದಿನವೂ, ಮೂರನೆಯ ದಿನವೂ ಒಂದೊಂದು ಫೋನ್ ಹೋಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಸಭೆಯಲ್ಲಿ ಆಶಾಗಳಿಗೆ ಇದನ್ನು ಒಂದು ಸಲ ಹೇಳಿಕೊಡುವಂತೆ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ಈ ಅಂಕಣದ ಮೂಲಕ ಕೇಳುತ್ತಿದ್ದೇನೆ. ಕಾಲು ಸೋತಿದೆ, ಮೂತ್ರ ಕಟ್ಟಿದೆ, ಫಿಟ್ಸ್ ಬಂದಿದೆ, ಮಂಪರು ಕವಿದಿದೆ ಎಂಬ ಉತ್ತರ ಬಂದರೆ ತಾಲೂಕಿನಲ್ಲಿ ಒಂದು ರಾತ್ರಿ ಇಟ್ಟು ನೋಡೋಣ ಎನ್ನುವಂತಿಲ್ಲ. 108ಕ್ಕೆ ಕರೆ ಮಾಡಿ, ಚೀಟಿ ಕೈಯಲ್ಲಿ ಹಿಡಿದು, ಎಂಆರ್‌ಐ ಮತ್ತು ನರಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಗೆ ಮೊದಲೇ ಫೋನ್ ಹಚ್ಚಿ, ಅದೇ ತಾಸಿಗೆ ಹೊರಡಬೇಕು.